ಮೊಮ್ಮಗನಿಗೆ ಪ್ಲಾಸ್ಟರ್, ಅಜ್ಜಿಗೆ ನಡಿಗೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದರೆ ವೆನ್ಲಾಕ್ ಆಸ್ಪತ್ರೆ ಹತ್ತಿರವೇ. ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿತ್ತು. ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಮ್ಮಗನ ಎಡಗೈ. ಅವನ ಬಲಗೈಗೆ ಪ್ಲಾಸ್ಟರ್; ನೆನೆಯದಿರಲೆಂದು ಮೇಲೊಂದು ಪ್ಲಾಸ್ಟಿಕ್ ಚೀಲ. ವಾರದ ಹಿಂದೆ ಒದ್ದೆ ಪೇರಳೆ ಮರ ಹತ್ತಿ ಜಾರಿ ಬಿದ್ದಿದ್ದ.

ಸರದಿಗೆ ಕಾಯುತ್ತಾ ಅವನಿಗೆ ಆಸ್ಪತ್ರೆಯ ಕಥೆ ಹೇಳಿದೆ. ಇದು ಶುರುವಾದದ್ದು 1848ರಲ್ಲಿ. ಆಗ ನಮ್ಮೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕರ ಹೆಸರು ಇದಕ್ಕೆ ಆಮೇಲೆ ಬಂತು.

"ಆಗ ನಿನ್ನ ಕೈಯಲ್ಲಿರುವಂಥ ಪ್ಲಾಸ್ಟರ್ ಪಟ್ಟಿ ಇರಲಿಲ್ಲ ಮಗಾ. ಹಾಲೆಂಡಿನ ಸೇನಾ ವೈದ್ಯ ಮಥೈಸನ್ ಅದನ್ನು ಲೋಕಕ್ಕೆ ತಿಳಿಸಿದ್ದು 1852ರಲ್ಲಿ. ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ."

"ಹಾಗಾದರೆ ಒಳಗೆ ಮುರಿದದ್ದು ಹೇಗೆ ಗೊತ್ತಾಗುತ್ತಿತ್ತು ಅಜ್ಜ?"

"ಮುಟ್ಟಿ ನೋಡಿ, ನೋವು ಕೇಳಿ!"

ಅಷ್ಟರಲ್ಲಿ ನರ್ಸಿನ ಆಸರೆಯಲ್ಲಿ, ವಾಕರ್ ಹಿಡಿದು ಒಬ್ಬರು ಅಜ್ಜಿ ಬಂದರು. ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಬಳಿ ತೊಡೆಮೂಳೆ ಮುರಿದುಕೊಂಡವರು. ಆಪರೇಷನ್ ಆಗಿ ಎರಡೇ ದಿನ. ಮೊಮ್ಮಗನಿಗೆ ಆಶ್ಚರ್ಯ. "ನನಗೆ ಕೈ ಅಲುಗಿಸಬೇಡ ಅಂತಾರೆ, ಅಜ್ಜಿಯನ್ನು ಮಾತ್ರ ಯಾಕೆ ನಡೆಸ್ತಾರೆ?"

ಡಾಕ್ಟರು ನಗುತ್ತಾ ವಿವರಿಸಿದರು. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಬಾಗಿ, ಎಷ್ಟೋ ಸಲ ಒಂದೇ ಬದಿ ಸೀಳುತ್ತದೆ. ಬೆಳೆಯುವ ಮೂಳೆ ಬೇಗ ಕೂಡುತ್ತದೆ. ಸರಿಯಾಗಿ ಕೂರಿಸಿ, ಅಲುಗದಂತೆ ಕೆಲವು ವಾರ ಇಟ್ಟರೆ ಹೆಚ್ಚಿನ ಮುರಿತಗಳಿಗೆ ಸಾಕು. ಮುರಿದಲ್ಲಿ ಮೊದಲು ಮೆತ್ತನೆಯ ಬೆಸುಗೆ, ಆಮೇಲೆ ಗಟ್ಟಿ ಮೂಳೆ. ಬೆಸೆಯುವುದು ದೇಹವೇ, ಪ್ಲಾಸ್ಟರ್ ಬರೀ ಕಾವಲುಗಾರ.

ಅಜ್ಜಿಯ ಕಷ್ಟ ಬೇರೆ. ತಿಂಗಳುಗಟ್ಟಲೆ ಮಲಗಿದರೆ ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಮೂಳೆಗಿಂತ ಮಂಚವೇ ಅಪಾಯ! ಅದಕ್ಕೇ ಸ್ಕ್ರೂ, ಸರಳು ಹಾಕಿಯೋ ಕೀಲಿನ ಗುಂಡನ್ನೇ ಬದಲಿಸಿಯೋ ಬೇಗ ಎಬ್ಬಿಸುತ್ತಾರೆ. "ವಯಸ್ಸಾಯಿತು, ಆಪರೇಷನ್ ಯಾಕೆ" ಎಂದು ನಾವೇ ತೀರ್ಮಾನಿಸಬಾರದು.

ಹೊರಡುವಾಗ ಡಾಕ್ಟರು ಎಚ್ಚರಿಸಿದರು: ಯಾರಾದರೂ ಬಿದ್ದು ಮೂಳೆ ಮುರಿದಂತೆ ಕಂಡರೆ ಎಳೆಯಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ಕೈಯಾದರೆ ಬಳೆ, ಉಂಗುರ ತೆಗೆಯಿರಿ. ಮಡಚಿದ ದಪ್ಪ ಪತ್ರಿಕೆಯ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ ಕರೆತನ್ನಿ. ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗುವವರೆಗೆ ಕಾಯಬೇಡಿ.

ಅಜ್ಜಿ ಹೋಗುತ್ತಾ, "ಮರ ಒಣಗಲಿ ಮಗಾ, ಆಮೇಲೆ ಹತ್ತು" ಎಂದರು.

ಮನೆಗೆ ಬಂದವನೇ ಮೊಮ್ಮಗ ಎಡಗೈಯಲ್ಲಿ ಪೊರಕೆ ಹಿಡಿದು ಬಾವಿಕಟ್ಟೆಯ ಪಾಚಿ ಉಜ್ಜತೊಡಗಿದ. ಅವನ ಅಜ್ಜಿ ದಿನಾ ನೀರು ಸೇದುವುದು ಅಲ್ಲೇ.