ಮಜೂರಿಯ ಲೆಕ್ಕ

ಬ್ಯಾಂಕಿನಲ್ಲಿ ಚಿನ್ನದ ಸಾಲದ ಮೇಜಿಗೆ ಕುಳಿತು ನಾನು ಕಲಿತ ಮೊದಲ ಪಾಠವೆಂದರೆ, ಒಡವೆಯ ಮಜೂರಿ ಮರಳಿ ಬರುವುದಿಲ್ಲ ಎಂಬುದು. ಅಕ್ಕಸಾಲಿಗನು ದಿನಗಟ್ಟಲೆ ಕೆತ್ತಿದ ಹೂಬಳ್ಳಿ ತಕ್ಕಡಿಗೆ ಕಾಣಿಸದು. ಹರಳಿನ ತೂಕ ಕಳೆದು, ಒರೆಗಲ್ಲು ಹೇಳಿದ ಶುದ್ಧತೆಯನ್ನು ನಂಬಿ, ಉಳಿದುದಕ್ಕೆ ಬೆಲೆ ಕಟ್ಟಬೇಕು. ಕಳೆದ ಮಳೆಗಾಲದಲ್ಲಿ ಸಾನಪಾಡಾದ ಒಂದು ಸಣ್ಣ ಸಭಾಗೃಹದಲ್ಲಿ, ಹಳೆಯ ಏರ್ ರೈಫಲ್ ಒಂದರ ಮುಂದೆ ನಿಂತಾಗ ಅದೇ ಪಾಠ ನೆನಪಾಯಿತು.

ನನ್ನ ಮೊಮ್ಮಗಳು ಎಡಗೈಯವಳು. ಹತ್ತು ಮೀಟರ್ ಗುರಿಯ ಅಭ್ಯಾಸಕ್ಕೆ ಹೋಗುತ್ತಾಳೆ. ಬಾಡಿಗೆಯ ಬಲಗೈ ಬಂದೂಕಿನೊಡನೆ ಕುತ್ತಿಗೆ ತಿರುಚಿಕೊಂಡು ಹೆಣಗುತ್ತಾಳೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದ ಮೇಲೆ ಈ ಆಟ ನಮ್ಮಂಥವರ ಮನೆಗೂ ಬಂದಿತು. ಅದರ ಖರ್ಚು ಮಾತ್ರ ನಮ್ಮ ಮಟ್ಟಕ್ಕೆ ಇಳಿಯಲಿಲ್ಲ. ಹಾಗಾಗಿ ಆಟ ಬಿಟ್ಟವರ ಸಾಮಗ್ರಿಯನ್ನು ತರಬೇತುದಾರರೊಬ್ಬರು ಹರಾಜು ಹಾಕುತ್ತಾರೆಂದು ಕೇಳಿ ಹೋದೆವು.

ರೈಫಲ್ ಜರ್ಮನಿಯ ವಾಲ್ಥರ್. ಮರದ ಹಿಡಿಯನ್ನು ಎಡಗೈಗೆಂದು ಕಡೆದು, ಅಂಗೈಯ ಉಬ್ಬುತಗ್ಗುಗಳಿಗೆ ಸರಿಯಾಗಿ ಪುಟ್ಟಿ ತುಂಬಿ ಉಜ್ಜಿದ್ದರು. ಕೆನ್ನೆಯಾನಿಸುವ ಹಲಗೆಯನ್ನೂ ಅದೇ ಹುಡುಗನ ಮುಖಕ್ಕೆ ತಕ್ಕಂತೆ ತಗ್ಗಿಸಿದ್ದರು. ಅವನು ಈಗ ಓದಿಗೆಂದು ಪರದೇಶದಲ್ಲಿದ್ದಾನೆ. ಅವನ ತಾಯಿ ಹಿಂದಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು.

ಮೊದಲು ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕ ನೋಡಿದೆ. 200 ಬಾರ್ ಒತ್ತಡದ ಗಾಳಿಯನ್ನು ಹಿಡಿದಿಡುವ ಅದಕ್ಕೆ ತಯಾರಕರು ಕೊಡುವ ಆಯುಷ್ಯ ಹತ್ತು ವರ್ಷ. ಅವಧಿ ಮೀರಿದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ. ಇದಕ್ಕೆ ಎಂಟು ತಿಂಗಳು ಉಳಿದಿತ್ತು. ಹೊಸದರ ಬೆಲೆಯನ್ನು ಮನಸ್ಸಿನಲ್ಲೇ ಕಳೆದೆ. ಹೆಚ್ಚು ಶಕ್ತಿ ಬರಲೆಂದು ಯಾರೂ ಒಳಗೆ ಕೈಯಾಡಿಸಿರಲಿಲ್ಲ. 2016ರ ನಿಯಮಗಳ ಪ್ರಕಾರ 20 ಜೂಲ್ ದಾಟಿದರೆ ಅದಕ್ಕೆ ಪರವಾನಗಿಯ ತಂಟೆ. ಅಡ್ಡೆಗೆ ಬಿಗಿದು ಐದು ಗುಂಡು ಹಾರಿಸಿ ತೋರಿಸಿದರು. ಅರ್ಧ ಮಿಲಿಮೀಟರ್ ಚುಕ್ಕೆಯನ್ನು 4.5 ಮಿಲಿಮೀಟರ್ ಗುಂಡು ಹುಡುಕಬೇಕಾದ ಆಟವಿದು. ಐದೂ ಒಂದೇ ತೂತಿನಲ್ಲಿ ಕೂತಿದ್ದವು. ನಳಿಗೆ ಅಪರಂಜಿ.

ಇಲ್ಲಿಗೆ ನನ್ನ ಬ್ಯಾಂಕಿನ ಲೆಕ್ಕ ಮುಗಿಯಬೇಕಿತ್ತು. ಆದರೆ ಮೊಮ್ಮಗಳು ಹಿಡಿಯೊಳಗೆ ಕೈಯಿಟ್ಟು, ಕೆನ್ನೆಯಾನಿಸಿ, "ಅಜ್ಜಾ, ಕುತ್ತಿಗೆ ನೋಯುತ್ತಿಲ್ಲ" ಎಂದು ಪಿಸುಗುಟ್ಟಿದಳು. ಪಕ್ಕದಲ್ಲಿದ್ದವರಿಗೆ ದಂಡವೆನಿಸಿದ ಮಜೂರಿ, ಆ ಕ್ಷಣ ನನಗೆ ನಳಿಗೆಯಷ್ಟೇ ಬೆಲೆಯುಳ್ಳದ್ದಾಯಿತು. "ಮೆಲ್ಲಗೆ" ಎಂದು ಗದರಿದೆ. ಆ ಗದರಿಕೆಗೆ ಈಗಲೂ ನಾಚಿಕೆಯಾಗುತ್ತದೆ.

ಹತ್ತಿರದ ವಾಶಿಯ ಎಪಿಎಂಸಿಯಲ್ಲಿ ಹಾಪೂಸ್ ಮಾವಿನ ವ್ಯಾಪಾರಿಗಳು ಕರವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದುಂಟು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ನಡೆಯುವುದೂ ಅದೇ. ಅಲ್ಲಿ ಬೆಲೆಯನ್ನು ಮುಚ್ಚಿಡುತ್ತಾರೆ. ಕೂಗಿ ನಡೆಸುವ ಹರಾಜಿನಲ್ಲಿ ಬೆಲೆ ಎಲ್ಲರಿಗೂ ಕೇಳಿಸುತ್ತದೆ, ಆಸೆಯನ್ನು ಮುಚ್ಚಿಟ್ಟುಕೊಳ್ಳಬೇಕು. ಗೆದ್ದವನು ಎಷ್ಟು ಕೊಡಬಲ್ಲನೆಂಬುದು ಅಲ್ಲಿ ಹೊರಬೀಳುವುದೇ ಇಲ್ಲ. ಸೋತವನು ಎಲ್ಲಿ ನಿಂತನೋ ಅಲ್ಲಿಗೆ ಒಂದು ಮೆಟ್ಟಿಲು ಸೇರಿಸಿದರೆ ಅದೇ ಬೆಲೆ.

ಸೋತವರು ಒಬ್ಬ ಬಲಗೈ ಯುವಕ. ಹಿಡಿಯನ್ನು ಕಿತ್ತೆಸೆದು ನಳಿಗೆಗೆ ಬೇರೆ ಹಿಡಿ ಹಾಕಿಸುವ ಲೆಕ್ಕ ಅವರದು. 72,000ಕ್ಕೆ ನಿಂತರು. ನಾನು 75,000 ಎಂದೆ. ಒಂದು ಲಕ್ಷದವರೆಗೆ ಹೋಗಲು ಸಿದ್ಧನಾಗಿ ಬಂದಿದ್ದೆ.

ಹಣ ಎಣಿಸಿಕೊಟ್ಟ ಮೇಲೆ ಆ ತಾಯಿ ಹತ್ತಿರ ಬಂದು, ನಾನು ಬ್ಯಾಂಕಿನವನೆಂದು ಯಾರೋ ಹೇಳಿದ್ದರಿಂದಲೋ ಏನೋ, ಮರಾಠಿಯಲ್ಲಿ ಕೇಳಿದರು: "ಬೆಲೆ ಸರಿಯಾಗಿ ಬಂತೇ?"

"ನಳಿಗೆಯ ಬೆಲೆ ಬಂದಿದೆ, ತಾಯಿ. ಹಿಡಿಯದ್ದು ಬಂದಿಲ್ಲ" ಎಂದೆ. ಇನ್ನೂ ಹತ್ತು ಸಾವಿರವನ್ನು ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ. ಹರಾಜೆಂದರೆ ಹರಾಜು, ಎಂದರು. ಮಗನ ಕೈಬರಹದ ಸಣ್ಣ ವಹಿಯೊಂದನ್ನು ಚೀಲದಿಂದ ತೆಗೆದು ಮೊಮ್ಮಗಳ ಕೈಗಿತ್ತರು. ಯಾವ ತಿರುಪು ಎಷ್ಟು ಸುತ್ತು ಎಂದೆಲ್ಲ ಅದರಲ್ಲಿ ಬರೆದಿತ್ತು.

ಹೆಬ್ಬೆರಳಿನ ಬಳಿ ಹಿಡಿ ಅವಳಿಗೆ ಕೊಂಚ ದೊಡ್ಡದು. ಉಜ್ಜಿ ತಗ್ಗಿಸೋಣವೆಂದರೆ ಒಪ್ಪುತ್ತಿಲ್ಲ, ಕೈ ಬೆಳೆಯುತ್ತದೆ ಎನ್ನುತ್ತಾಳೆ.