ಅತ್ತೆಗಾಗಿ

ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ ಡಾಕ್ಟರು ಯಾರೆಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ‘ಓಡಾಡೋಕೆ ಯಾರಿದ್ದಾರೆ?’ ಎಂದು. ಸೋದರತ್ತೆಗೆ ಎದೆಯ ಕ್ಯಾನ್ಸರು ಎಂದು ಗೊತ್ತಾದಾಗ ಆ ಹುದ್ದೆಗೆ ನಾನು ಅವಿರೋಧವಾಗಿ ಆಯ್ಕೆಯಾದೆ. ಬಿಲ್ಲು ಕಟ್ಟುವುದು, ರಕ್ತದ ರಿಪೋರ್ಟು ತರುವುದು, ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲುವುದು, ಫ್ಲಾಸ್ಕಿಗೆ ಬಿಸಿನೀರು ತುಂಬಿಸುವುದು. ಕೆಲಸ ಮುಗಿದರೂ ನನ್ನ ಓಡಾಟ ಮುಗಿಯುತ್ತಿರಲಿಲ್ಲ. ‘ಪಾಪ, ಹುಡುಗ ಎಷ್ಟು ಓಡಾಡ್ತಾನೆ’ ಎಂದು ಪಕ್ಕದ ಮಂಚದವರು ಹೊಗಳಿದರು. ಹುಡುಗನಿಗೆ ಆಗ ನಲವತ್ತೆಂಟು.

ಕೀಮೋ 21 ದಿನಕ್ಕೊಮ್ಮೆ, ಒಟ್ಟು ಆರು ಸಲ. ಸಾಯಿಸುವ ಔಷಧಿಗೆ ಒಳ್ಳೆಯ ಕಣ ಯಾವುದು, ಕೆಟ್ಟದ್ದು ಯಾವುದು ಎಂಬ ಭೇದ ಅಷ್ಟಾಗಿ ತಿಳಿಯುವುದಿಲ್ಲವಂತೆ. ಬೇಗ ಬೆಳೆಯುವುದನ್ನೆಲ್ಲ ಹಿಡಿಯುತ್ತದೆ, ಕೂದಲನ್ನೂ. ಎರಡನೆಯ ಸಲ ಮುಗಿಯುವ ಹೊತ್ತಿಗೆ ಅತ್ತೆಯ ಮೊಳದುದ್ದದ ಜಡೆ ದಿಂಬಿನ ಮೇಲಿತ್ತು. ‘ತಿಮ್ಮಪ್ಪನಿಗೆ ಮುಡಿ ಕೊಡ್ತೀನಿ ಅಂತ ಹರಸಿಕೊಂಡು ಮೂವತ್ತು ವರ್ಷ ಬಾಕಿ ಇಟ್ಟಿದ್ದೆ ಕಣೋ. ಬಡ್ಡಿ ಸಮೇತ ವಸೂಲು ಮಾಡಿದ’ ಎಂದು ನಕ್ಕರು. ಟೀ ತರುತ್ತೇನೆಂದು ನಾನು ಎದ್ದು ಹೊರಟೆ. ಆಗ ತಾನೇ ತಂದಿಟ್ಟ ಟೀ ಮೇಜಿನ ಮೇಲೆ ಇನ್ನೂ ಹೊಗೆಯಾಡುತ್ತಿತ್ತು.

ಅತ್ತೆ ಗುಣವಾದರು. ಕೂದಲು ಮತ್ತೆ ಬಂತು, ಹಿಂದೆಂದೂ ಇಲ್ಲದ ಗುಂಗುರಿನೊಡನೆ. ಅವರ ಹೆಸರಿನಲ್ಲಿ ಏನಾದರೂ ಮಾಡಬೇಕೆನಿಸಿತು ನನಗೆ. ಹಿಂದಿನವರಾಗಿದ್ದರೆ ಉರುಳುಸೇವೆ ಮಾಡುತ್ತಿದ್ದರು, ಇಲ್ಲವೇ ಧರ್ಮಸ್ಥಳಕ್ಕೆ ನಡೆದುಹೋಗುತ್ತಿದ್ದರು. ನಮ್ಮ ಕಾಲದ ಹರಕೆ ಮ್ಯಾರಥಾನು. ಪೂರಾ 42 ಕಿಲೋಮೀಟರು ಎಂದರೆ ಅತ್ತೆಯೇ ನನ್ನ ಹಿಂದೆ ಓಡಾಡಬೇಕಾದೀತೆಂದು ಅರ್ಧಕ್ಕೆ ಇಳಿದೆ. ಅರ್ಧ ಎಂದರೆ 21 ಕಿಲೋಮೀಟರು ಚಿಲ್ಲರೆ. ಗಣಪತಿಗೆ 21 ಗರಿಕೆ, ಕೀಮೋಗೆ 21 ದಿನ, ಲೆಕ್ಕ ಕೂಡಿಬಂತು.

‘ನಿನಗಾಗಿ ಓಡ್ತೀನಿ ಅತ್ತೆ’ ಎಂದೆ.

‘ಯಾಕೋ? ಯಾರಾದರೂ ಅಟ್ಟಿಸಿಕೊಂಡು ಬರ್ತಿದ್ದಾರಾ?’

ಅವರ ಮನವೊಲಿಸಲು ಕೆನಡಾದ ಟೆರ್ರಿ ಫಾಕ್ಸ್‌ನ ಕತೆ ಹೇಳಿದೆ. ಹದಿನೆಂಟಕ್ಕೇ ಮೂಳೆಯ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡವನು, 1980ರ ಏಪ್ರಿಲಿನಲ್ಲಿ ದೇಶದ ಪೂರ್ವ ತುದಿಯಿಂದ ಹೊರಟು ಕೃತಕ ಕಾಲಿನಲ್ಲಿ 143 ದಿನ ಓಡಿದ. 5,373 ಕಿಲೋಮೀಟರು. ಆಮೇಲೆ ಕ್ಯಾನ್ಸರು ಶ್ವಾಸಕೋಶಕ್ಕೆ ಬಂದು ನಿಲ್ಲಬೇಕಾಯಿತು, ಮರುವರ್ಷ ತೀರಿಕೊಂಡ. ಸಂಶೋಧನೆಗೆ ಹಣ ಕೂಡಿಸಲು ಅವನ ಹೆಸರಿನಲ್ಲಿ ಇಂದಿಗೂ ಎಷ್ಟೋ ದೇಶಗಳಲ್ಲಿ ಜನ ಓಡುತ್ತಾರೆ. ಅತ್ತೆ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮಡಿಲಲ್ಲೇ ಬಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ‘ದಿನಾ ಅಷ್ಟು ಓಡ್ತಿದ್ದನಲ್ಲ, ಆ ಮಗು ಊಟಕ್ಕೇನು ಮಾಡ್ತಿತ್ತೋ?’ ಎಂದರು. ನನ್ನ ಅಂಕಿ ಅಂಶಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಭ್ಯಾಸ ಶುರುವಾಯಿತು. ನಡೆಯಲು ಬಂದ ನಿವೃತ್ತರು ನನ್ನನ್ನು ಹಿಂದಿಕ್ಕುತ್ತಿದ್ದರು. ನೀರಿನ ನಡುವೆ ಹೆಜ್ಜಾರ್ಲೆಗಳು ಅಲುಗದೆ ಕೂತಿರುತ್ತಿದ್ದವು. ಹಾಗೆ ಕೂರುವುದೂ ಒಂದು ವಿದ್ಯೆಯೇ ಎಂದು ಏದುಸಿರಿನ ನಡುವೆ ಅನ್ನಿಸುತ್ತಿತ್ತು. ಅದು ನನಗೆ ಒಲಿದಿರಲಿಲ್ಲ.

ಓಟದ ದಿನ ಬೆಂಗಳೂರಿನಲ್ಲಿ ಒಂದು ಚೀಟಿ ಕೊಟ್ಟು, ಯಾರಿಗಾಗಿ ಓಡುತ್ತಿದ್ದೀರೆಂದು ಬರೆದು ಬೆನ್ನಿಗೆ ಹಚ್ಚಿಕೊಳ್ಳಿ ಎಂದರು. ‘ಅತ್ತೆಗಾಗಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಕನ್ನಡದಲ್ಲಿ ಸೋದರತ್ತೆಯೂ ಅತ್ತೆಯೇ, ಹೆಂಡತಿಯ ತಾಯಿಯೂ ಅತ್ತೆಯೇ ಎಂಬುದು ನೆನಪಾದದ್ದು ಮೂರನೆಯ ಕಿಲೋಮೀಟರಿನಲ್ಲಿ. ಹಿಂದಿನಿಂದ ಬಂದ ಯುವಕನೊಬ್ಬ ಪಕ್ಕಕ್ಕೆ ಬಂದು ಕೇಳಿದ: ‘ಸಾರ್, ಅತ್ತೆಗಾಗಿ ಓಡ್ತಿದ್ದೀರೋ, ಅತ್ತೆಯಿಂದ ಓಡ್ತಿದ್ದೀರೋ?’

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಅವನು ಮುಂದೆ ಹೋದ. ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ಹದಿನಾರನೆಯ ಕಿಲೋಮೀಟರಿನಲ್ಲಿ ತೊಡೆಗಳು ಕಲ್ಲಾದಾಗಲೂ ಅದು ಬಿಡಲಿಲ್ಲ. ಆ ಆರು ಸಲವೂ ಔಷಧಿ ಹನಿಹನಿಯಾಗಿ ಇಳಿಯುವಾಗ ಅತ್ತೆಯ ಪಕ್ಕದ ಸ್ಟೂಲು ಖಾಲಿಯಿರುತ್ತಿತ್ತು. ಮೆಟ್ಟಿಲು, ಕ್ಯಾಂಟೀನು, ಔಷಧಿ ಅಂಗಡಿ ಎಂದು ನಾನು ಎಲ್ಲ ಕಡೆಯೂ ಇರುತ್ತಿದ್ದೆ, ಆ ಸ್ಟೂಲೊಂದನ್ನು ಬಿಟ್ಟು.

ಮಾರನೆಯ ದಿನ ಕುಂಟುತ್ತ ಹೋಗಿ ಪದಕವನ್ನು ಅತ್ತೆಯ ಕೊರಳಿಗೆ ಹಾಕಿದೆ. ‘ಎಷ್ಟನೆಯವನಾಗಿ ಬಂದೆ?’ ಎಂದರು. ಸಾವಿರ ದಾಟಿದ ನನ್ನ ಸ್ಥಾನ ಹೇಳಿದೆ. ‘ಹೋಗಲಿ, ನಿನ್ನ ಹಿಂದೆಯೂ ಯಾರಾದರೂ ಇದ್ದರು ತಾನೇ?’ ಎಂದು ಸಮಾಧಾನ ಮಾಡಿ ಮಜ್ಜಿಗೆ ಕೊಟ್ಟರು. ಗೋಡೆಯ ಮೊಳೆಯಲ್ಲಿ ಆಸ್ಪತ್ರೆಯ ಫೈಲಿದ್ದ ಬಟ್ಟೆಚೀಲ ತೂಗುತ್ತಿತ್ತು. ಪದಕವನ್ನೂ ಅದೇ ಮೊಳೆಗೆ ನೇತುಹಾಕಿದರು.

‘ನಾಳೆ ಆರು ತಿಂಗಳ ಚೆಕಪ್ಪು, ನೆನಪಿದೆಯಾ?’

‘ಬರ್ತೀನಿ ಅತ್ತೆ. ಆದರೆ ಮಂಡಿ ಮಡಚೋಕೇ ಆಗ್ತಿಲ್ಲ. ಈ ಸಲ ಓಡಾಡೋಕೆ ಆಗಲ್ಲವೇನೋ.’

ಅತ್ತೆ ಗುಂಗುರು ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು ಲೋಟ ಎತ್ತಿಕೊಂಡರು.

‘ಒಳ್ಳೇದೇ ಆಯ್ತು ಬಿಡು. ಪಕ್ಕದಲ್ಲಿ ಕೂತ್ಕೋತೀಯ.’