ಮೊದಲ ಗೊಂಬೆಗಾಗಿ ಚನ್ನಪಟ್ಟಣಕ್ಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಸಾಗಿದರೆ ಚನ್ನಪಟ್ಟಣ ಸಿಗುತ್ತದೆ. ನೀವು ಈ ದಾರಿಯಲ್ಲಿ ಎಷ್ಟೋ ಬಾರಿ ಹೋಗಿರಬಹುದು. ರಸ್ತೆಬದಿಯ ಗೊಂಬೆ ಅಂಗಡಿಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ, ಇಳಿಯಲು ಬಿಡುವಿಲ್ಲದೆ ಮುಂದೆ ಸಾಗಿರಬಹುದು. ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿದ್ದರೆ, ಸಹೋದರಿಯರೇ, ಒಮ್ಮೆ ಅಲ್ಲಿ ಇಳಿಯಿರಿ.

ಈಗ ಇಳಿಯಬೇಕಾದರೆ ಸ್ವಲ್ಪ ಎಚ್ಚರ ಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬದಿಗಿಟ್ಟು ಹೊರಗಿನಿಂದಲೇ ಹೋಗುತ್ತದೆ. ತಡೆರಹಿತ ಬಸ್ಸು ಹತ್ತಿದರೆ ಚನ್ನಪಟ್ಟಣ ಕಣ್ಣಿಗೂ ಬೀಳುವುದಿಲ್ಲ. ಊರೊಳಗೆ ಹೋಗುವ ಬಸ್ಸು ಯಾವುದೆಂದು ಕೇಳಿಕೊಂಡೇ ಹತ್ತಿ. ಇಲ್ಲವೇ ರೈಲಿನಲ್ಲಿ ಹೋಗಿ, ಮಕ್ಕಳೊಂದಿಗೆ ಅದೇ ಸುಖ. ಹೊಸ ರಸ್ತೆಯಿಂದ ನಮ್ಮ ಪ್ರಯಾಣದ ಸಮಯವೇನೋ ಉಳಿಯಿತು, ಆದರೆ ದಾರಿಹೋಕ ಗಿರಾಕಿಗಳನ್ನೇ ನಂಬಿದ್ದ ಅಂಗಡಿಯವರ ವ್ಯಾಪಾರ ಬಿದ್ದುಹೋಯಿತು. ಅಲ್ಲಿ ಯಾರನ್ನು ಮಾತನಾಡಿಸಿದರೂ ಮೊದಲು ಬರುವುದು ಇದೇ ಮಾತು.

ನಾನು ಹೋದದ್ದು ತಂಗಿಯ ಮಗಳಿಗೊಂದು ಗೊಂಬೆ ತರಲೆಂದು. ಮಗುವಿಗೆ ಒಂದೂಕಾಲು ವರ್ಷ. ತಂಗಿಗೆ ಗೊಂಬೆ ಬೇಕು, ಅವಳ ಅತ್ತೆಗೆ ಬೇಡ. ಕಣ್ಣು, ಮೂಗು ಇರುವ ಗೊಂಬೆ ಮನೆಯಲ್ಲಿರುವುದು ಸರಿಯೇ ಎಂಬುದು ಅವರ ಪ್ರಶ್ನೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲೂ ಈ ಪ್ರಶ್ನೆ ಎದ್ದಿರುತ್ತದೆ. ಹಿರಿಯರು ಕೇಳಿದರೆಂದು ಅದನ್ನು ನಕ್ಕು ತಳ್ಳಿಬಿಡುವುದು ಸರಿಯಲ್ಲ. ಹಿರಿಯರಿಗೂ ಉತ್ತರ ಬೇಕು.

ಹ. ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು. ಪ್ರವಾದಿವರ್ಯರು(ಸ) ಮನೆಯೊಳಗೆ ಬಂದಾಗ ಗೆಳತಿಯರು ಸಂಕೋಚದಿಂದ ಮರೆಯಾದರೆ, ಅವರೇ ಆ ಹುಡುಗಿಯರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ವಿವರವಿದೆ. ಅವರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯೂ ಇತ್ತೆಂದು ಅಬೂದಾವೂದ್‌ನಲ್ಲಿದೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ ಆಯಿಶಾ(ರ) ಸುಲೈಮಾನರ(ಅ) ಕುದುರೆಗಳ ನೆನಪು ಮಾಡಿಕೊಟ್ಟರು. ಅದನ್ನು ಕೇಳಿ ಅವರು ಮನಸಾರೆ ನಕ್ಕರು. ಇನ್ನು ಆಶೂರಾ ಉಪವಾಸದ ದಿನ ಅನ್ಸಾರ್ ತಾಯಂದಿರು ಹಸಿದ ಮಕ್ಕಳಿಗಾಗಿ ಉಣ್ಣೆಯ ಆಟಿಕೆ ಮಾಡಿಕೊಡುತ್ತಿದ್ದರು. ಈ ಹದೀಸ್‌ಗಳ ಆಧಾರದಲ್ಲಿ ವಿದ್ವಾಂಸರಲ್ಲಿ ಹಲವರು ಮಕ್ಕಳ ಗೊಂಬೆಗೆ ರಿಯಾಯಿತಿ ನೀಡಿದ್ದಾರೆ. ಮುಖದ ವಿವರಗಳಿಲ್ಲದ ಗೊಂಬೆಯೇ ಲೇಸು ಎಂದವರೂ ಇದ್ದಾರೆ. ಅವರ ಎಚ್ಚರಿಕೆಯನ್ನೂ ಗೌರವಿಸೋಣ.

ಊರಿಗೆ ಬರೋಣ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಜಪಾನಿನ ತಂತ್ರವನ್ನು ಇಲ್ಲಿಗೆ ತಂದು ಹಲವರಿಗೆ ಕಲಿಸಿದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹರೆಂದು ಕರೆಯುತ್ತಾರೆ. ಇಂದಿಗೂ ಈ ಕೆಲಸದಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ ಇವೆ. ಹೆಣ್ಣುಮಕ್ಕಳೂ ದುಡಿಯುತ್ತಾರೆ.

ಅಂಗಡಿಗಿಂತ ಮೊದಲು ಕಲಾನಗರದ ಕಡೆ ಹೋಗಿ, ಕೆಲಸ ನೋಡಿ. ಹಾಲೆ ಮರ, ಅಲ್ಲಿಯವರ ಬಾಯಲ್ಲಿ ಆಲೆ ಮರ, ಬೆಳ್ಳಗೆ, ಹಗುರವಾಗಿ, ಮೃದುವಾಗಿರುತ್ತದೆ. ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಕ್ಷಣದಲ್ಲಿ ತಲೆ, ಕತ್ತು, ಹೊಟ್ಟೆ ಮೂಡುತ್ತವೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯೊಂದನ್ನು ಮೆಲ್ಲಗೆ ಹಿಡಿಯುತ್ತಾರೆ, ಅಷ್ಟೇ, ಕನ್ನಡಿಯಂಥ ಹೊಳಪು! ಇಲ್ಲಿ ಬ್ರಷ್ಷಿಗೆ ಕೆಲಸವೇ ಇಲ್ಲ.

ಬ್ರಷ್ಷು ಬರುವುದು ಕೊನೆಗೆ, ಕಣ್ಣು, ಬಾಯಿ ಬರೆಯಲು. ನಾನು ಹೋದ ಕಡೆ ಒಬ್ಬ ಹೆಂಗಸು ಈ ಕೆಲಸ ಮಾಡುತ್ತಿದ್ದರು. ಮಗುವಿನ ವಯಸ್ಸು ಹೇಳಿದೆ. ಅವರು ಬರೆದು ಮುಗಿಸಿದ್ದ ಗೊಂಬೆಗಳನ್ನು ಬಿಟ್ಟು ಪಕ್ಕದ ಬುಟ್ಟಿಗೆ ಕೈ ಹಾಕಿದರು.

“ಇದನ್ನ ತಗೊಳ್ಳಿ ಆಪಾ, ಇನ್ನೂ ಕಣ್ಣು ಬರೆದಿಲ್ಲ. ಮಗು ಮೊದಲು ಬಾಯಿಗೇ ಇಡೋದು. ಮೈಗೆ ಹಾಕಿರೋದು ಅರಗು, ಕಣ್ಣಿಗೆ ಹಾಕೋದು ಬೇರೆ ಬಣ್ಣ.”

ಅವರು ಮಸ್‌ಅಲ ಹೇಳಲಿಲ್ಲ, ತಮ್ಮ ಕಸುಬಿನ ಮಾತು ಹೇಳಿದರು. ಹಳದಿ ಮೈ, ಕೆಂಪು ತಲೆ, ಮುಖದ ಜಾಗ ಖಾಲಿ. ನನಗೆ ಅದೇ ಸಾಕೆನಿಸಿತು.

ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ಮೊದಲು ಗೊಂಬೆಯ ತಲೆ ನೋಡಿ. ಗುಂಡು ತಲೆಯ ಪುಟ್ಟ ಗೊಂಬೆ ಮುದ್ದಾಗಿ ಕಂಡರೂ ಮಗುವಿನ ಗಂಟಲಿಗೆ ಅದರಷ್ಟು ಅಪಾಯ ಬೇರೆಯಿಲ್ಲ. ಮೂರು ವರ್ಷದೊಳಗಿನ ಮಗುವಿಗಾದರೆ ತಲೆ ನಾಲ್ಕೂವರೆ ಸೆಂಟಿಮೀಟರಿಗಿಂತ ದಪ್ಪವಿರಲಿ. ಚೀಲದಲ್ಲಿ ಟೇಪು ಇಟ್ಟುಕೊಂಡು ಹೋಗಿ, ನಾಚಿಕೆ ಬೇಡ. ತಲೆಯಾಡಿಸುವ ಸ್ಪ್ರಿಂಗಿನ ಗೊಂಬೆ, ಮಣಿ ಪೋಣಿಸಿದ ಗೊಂಬೆ, ಅಂಟಿಸಿದ ಟೊಪ್ಪಿಯ ಗೊಂಬೆ ಇವೆಲ್ಲ ದೊಡ್ಡ ಮಕ್ಕಳಿಗೆ. ಜೋಡಣೆಯೇ ಇಲ್ಲದೆ ಒಂದೇ ಮರದಲ್ಲಿ ಕಡೆದದ್ದಾದರೆ ಕಳಚುವ ಭಯವಿಲ್ಲ. ತೂಕವನ್ನೂ ಕೈಯಲ್ಲಿ ಹಿಡಿದು ನೋಡಿ. ಒಂದೂಕಾಲು ವರ್ಷದವರು ಗೊಂಬೆಯನ್ನು ಅಪ್ಪಿಕೊಳ್ಳುವುದಕ್ಕಿಂತ ಬೀಸಿ ಎಸೆಯುವುದೇ ಹೆಚ್ಚು, ಪಕ್ಕದಲ್ಲಿ ತಮ್ಮನೋ ತಂಗಿಯೋ ಮಲಗಿರಬಹುದು.

ಅಂಗಡಿಯಲ್ಲಿರುವುದೆಲ್ಲ ಆ ಊರಲ್ಲೇ ಮಾಡಿದ್ದೆಂದು ತಿಳಿಯಬೇಡಿ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿ ವರ್ಷಗಳಾದವು. ಆದರೂ ಹೊರಗಿನ ಪ್ಲಾಸ್ಟಿಕ್ ಆಟಿಕೆ ಅದೇ ಕಪಾಟಿನಲ್ಲಿ ಕುಳಿತಿರುತ್ತದೆ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಗೊಂಬೆಯ ಮೈ ಉಜ್ಜಿ. ಬಣ್ಣ ಹತ್ತಿದರೆ, ಪೇಂಟಿನ ಘಾಟು ಬಂದರೆ ಬೇಡವೆನ್ನಿ. 2021ರ ಜನವರಿಯಿಂದ ದೇಶದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿಯಿದೆ. ಆದ್ದರಿಂದ ಗುರುತಿಲ್ಲದ ಮರದ ಗೊಂಬೆಯೆಲ್ಲ ಕೆಟ್ಟದ್ದಲ್ಲ, ಮಾಡಿದವರು ಯಾರೆಂದು ಕೇಳಿ ತಿಳಿದುಕೊಳ್ಳಿ. ಹಾಡುವ, ಅಳುವ ಬ್ಯಾಟರಿ ಗೊಂಬೆಯ ಬಗ್ಗೆ ನನ್ನ ಮಾತು ಕಠಿಣ. ಅದರೊಳಗಿನ ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮೊದಲ ಗೊಂಬೆ ಸುಮ್ಮನಿರಲಿ, ಮಾತನ್ನು ಮಗುವೇ ಆಡಲಿ.

ಚೌಕಾಸಿ ಮಾಡುವ ಮುನ್ನ ಲೇತಿನ ಮುಂದೆ ಮರದ ಧೂಳಿನಲ್ಲಿ ಕುಳಿತವರನ್ನು ಒಮ್ಮೆ ನೋಡಿ. ದೊಡ್ಡ ಅಂಗಡಿಯಲ್ಲಿ ಬೆಲೆ ಕೇಳದೆ ಕೊಳ್ಳುವ ನಾವು ಇಲ್ಲಿ ಹತ್ತು ರೂಪಾಯಿಗೆ ವಾದಿಸುತ್ತೇವೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಜುಮಾ ಹೊತ್ತಿಗೆ ಎಷ್ಟೋ ಬಾಗಿಲುಗಳು ಮುಚ್ಚಿರುತ್ತವೆ.

ತಂಗಿಯ ಅತ್ತೆ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮಾಝಿನ ಕೋಣೆಗೆ ಮಾತ್ರ ತರಬೇಡಿ ಎಂದರು. ಮಗು ಅಷ್ಟರಲ್ಲಿ ಕೆಂಪು ತಲೆಯನ್ನು ಬಾಯಿಗೆ ಹಾಕಿಕೊಂಡಾಗಿತ್ತು.

ಮನೆಗೆ ತಂದ ಮೇಲೆ ಗೊಂಬೆಯನ್ನು ಬಿಸಿನೀರಲ್ಲಿ ತೊಳೆಯಬೇಡಿ, ಬಿಸಿಲಿಗೂ ಇಡಬೇಡಿ, ಅರಗು ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರಲ್ಲಿನ ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ.